ಮೂರನೆಯ ಬಟ್ಟಲಿಗೆ ಅಂಕವಿಲ್ಲ

ಹಾಂಬುರ್ಗ್‌ನಿಂದಾಚೆ, ಕಡಲ ದಂಡೆಯ ಗ್ರೋಟಸೀಲ್‌ನಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಎದುರು ಸಿಕ್ಕರೆ ಬೆಳಿಗ್ಗೆಯೂ 'ಮೊಯಿನ್', ಸಂಜೆಯೂ 'ಮೊಯಿನ್'. ಅದನ್ನೇ ಎರಡು ಸಲ ಅಂದವನು ಬಾಯಿಬಡುಕ. ಇಂಥ ಊರಿನಲ್ಲೂ ಓಕ್ಕಾ ಸಾಟ್‌ಹೋಫ್ ಮಾತು ಕಡಿಮೆಯವಳು ಅನ್ನಿಸಿಕೊಂಡಿದ್ದಳು ಅಂದರೆ ಲೆಕ್ಕ ಹಾಕಿ. ಅರವತ್ತೊಂದು ವರ್ಷ, ಗಟ್ಟಿ ಮೈಕಟ್ಟು, ಗಾಳಿ ಎಷ್ಟೇ ಬೀಸಲಿ ಸೈಕಲ್ಲಿನಿಂದ ಇಳಿಯದ ಹೆಂಗಸು. ಅವಳು ಆಡದೆ ಉಳಿಸಿದ ಮಾತನ್ನೆಲ್ಲ ಈಗ ನಾವೇ ಆಡಬೇಕು, ಬೇರೆ ದಾರಿಯಿಲ್ಲ.

ಅವಳ ಕೆಲಸ ಇಷ್ಟು: ಊರಿನ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕೂತು ಸುತ್ತಲಿನ ವೈದ್ಯರಿಗೆ ಪಾಠ ಏರ್ಪಡಿಸುವುದು. ಡಾಕ್ಟರಾದ ಮೇಲೂ ಪಾಠವೇ ಅನ್ನಬೇಡಿ. ಆ ದೇಶದಲ್ಲಿ ಪ್ರತಿ ವೈದ್ಯರೂ ಐದು ವರ್ಷಕ್ಕೆ ಇನ್ನೂರೈವತ್ತು ಅಂಕ ಕೂಡಿಸಬೇಕು, ಇಲ್ಲದಿದ್ದರೆ ಬರುವ ಹಣಕ್ಕೆ ಕತ್ತರಿ. ನಲವತ್ತೈದು ನಿಮಿಷ ಕೂತು ಪಾಠ ಕೇಳಿದರೆ ಒಂದು ಅಂಕ. ಬುಧವಾರ ಮಧ್ಯಾಹ್ನ ಎಲ್ಲ ಕ್ಲಿನಿಕ್ಕುಗಳೂ ಬಾಗಿಲು ಹಾಕಿರುತ್ತವೆ, ಹಾಗಾಗಿ ಪಾಠ ಬುಧವಾರವೇ. ವೈದ್ಯರು ಬರುತ್ತಾರೆ, ಜೇಬಿನಿಂದ ತಮ್ಮ ಹೆಸರಿನ ಬಾರ್‌ಕೋಡ್ ಚೀಟಿ ತೆಗೆದು ಬಾಗಿಲ ಬಳಿಯ ಹಾಳೆಗೆ ಅಂಟಿಸುತ್ತಾರೆ, ಒಳಗೆ ಹೋಗಿ ಕೂರುತ್ತಾರೆ. ಆ ಹಾಳೆಯನ್ನು ಓಕ್ಕಾ ವೈದ್ಯ ಮಂಡಳಿಗೆ ಕಳಿಸುತ್ತಾಳೆ, ಅಲ್ಲಿಂದ ಅಂಕ.

ಬಾಗಿಲ ಬಳಿ ಇಪ್ಪತ್ತೇಳು ವರ್ಷದಿಂದ ನಿಂತವಳು ಅವಳು. 'ನನ್ನ ಗೆಳೆಯನಿಗೆ ಹುಷಾರಿಲ್ಲ, ಅವನ ಚೀಟೀನೂ ಅಂಟಿಸ್ಲಾ' ಅಂತ ಹಲ್ಲು ಕಿರಿದವರನ್ನು ಒಮ್ಮೆ ನೋಡಿದರೆ ಸಾಕು, ಚೀಟಿ ವಾಪಸ್ ಜೇಬಿಗೆ ಹೋಗುತ್ತಿತ್ತು. ಔಷಧಿ ಕಂಪನಿಯವನೊಬ್ಬ ಒಮ್ಮೆ ಪೆನ್ನಿನ ಪೆಟ್ಟಿಗೆ ಹೊತ್ತು ತಂದು, ಪಾಠದ ಖರ್ಚನ್ನೆಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂದ. "ಪೆನ್ನು ನಮ್ಮಲ್ಲಿದೆ" ಅಂದು ಓಕ್ಕಾ ಬಾಗಿಲು ಹಾಕಿಕೊಂಡಳು.

ಪ್ರತಿ ಅಕ್ಟೋಬರ್‌ನಲ್ಲಿ ಅವಳು ಮುಂದಿನ ವರ್ಷದ ಬಜೆಟ್ಟು ಬರೆಯುತ್ತಿದ್ದಳು. ಯಾವ ವಿಷಯ, ಯಾರು ಪಾಠ ಹೇಳುವವರು, ಅವರಿಗೆಷ್ಟು ಸಂಭಾವನೆ, ರೈಲಿಗೆಷ್ಟು, ರಾತ್ರಿ ಉಳಿಯಲು ಎಷ್ಟು, ಮಂಡಳಿಯ ಶುಲ್ಕವೆಷ್ಟು, ಕಾಗದ, ಚಹಾ. ಎಲ್ಲವೂ ಪೆನ್ಸಿಲ್‌ನಲ್ಲಿ, ಸ್ಕೇಲಿಟ್ಟು ಗೆರೆ ಎಳೆದು. ಆದರೆ ಬಜೆಟ್ಟಿಗಿಂತ ಮೊದಲು ಇನ್ನೊಂದು ಕೆಲಸವಿತ್ತು, ಅದಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅವಳ ಅಪ್ಪ ಕಡಲ ತೂಬು ಕಾಯುವವನಾಗಿದ್ದ. ಉಬ್ಬರ ಬಂದಾಗ ಬಾಗಿಲು ಮುಚ್ಚು, ಇಳಿದಾಗ ತೆರೆ, ಇಷ್ಟೇ ಅವನ ಜೀವನ. ಅಡುಗೆಮನೆಯಲ್ಲಿ ಮೊಳೆಗೆ ಒಂದು ನೀಲಿ ಪುಸ್ತಕ ನೇತಾಡುತ್ತಿತ್ತು: ವರ್ಷದ ಪ್ರತಿ ದಿನ ಕಡಲು ಎಷ್ಟು ಗಂಟೆಗೆ ಏರುತ್ತದೆ, ಎಷ್ಟಕ್ಕೆ ಇಳಿಯುತ್ತದೆ ಅನ್ನುವ ಪಂಚಾಂಗ. ಓಕ್ಕಾ ಅಕ್ಷರ ಕಲಿಯುವ ಮುಂಚೆ ಅದನ್ನು ಓದಲು ಕಲಿತಳು. ನಮ್ಮಲ್ಲಿ ಪಂಚಾಂಗ ನೋಡದೆ ಮದುವೆ ಇಡುವುದಿಲ್ಲವಲ್ಲ, ಹಾಗೆ ಓಕ್ಕಾ ಆ ಪುಸ್ತಕ ನೋಡದೆ ಬುಧವಾರ ಇಡುತ್ತಿರಲಿಲ್ಲ. ಯಾಕೆಂದರೆ ಎದುರಿಗಿದ್ದ ಮೇವನೋಗ್ ದ್ವೀಪದಲ್ಲಿ ಐದು ಜನ ವೈದ್ಯರಿದ್ದರು: ದ್ವೀಪದವರನ್ನೆಲ್ಲ ನೋಡಿಕೊಳ್ಳುವ ತೇಡಾ ಹಾರ್ಬರ್ಟ್ಸ್, ಮತ್ತು ಎದೆಗೂಡಿನ ಕಾಯಿಲೆಯ ಮಕ್ಕಳ ಆರೈಕೆ ಮನೆಯ ನಾಲ್ವರು. ನೀರಿದ್ದಾಗ ಮಾತ್ರ ಅಲ್ಲಿಂದ ದೋಣಿ. ನೀರಿಳಿದರೆ ಕಡಲಿದ್ದ ಜಾಗದಲ್ಲಿ ಹತ್ತು ಕಿಲೋಮೀಟರ್ ಕೆಸರು, ಅದರ ಮೇಲೆ ಕಡಲಹಕ್ಕಿ. ಬೆಳಿಗ್ಗೆ ರೋಗಿಗಳನ್ನು ನೋಡಿ ಒಂಬತ್ತರ ದೋಣಿ ಹಿಡಿದು, ಸಂಜೆ ಮರಳಿ ಹೋಗುವಂಥ ಬುಧವಾರಗಳನ್ನೇ ಓಕ್ಕಾ ಆರಿಸಿ ಗುರುತು ಹಾಕುತ್ತಿದ್ದಳು. ಪುಸ್ತಕವನ್ನು ಪ್ರತಿ ವರ್ಷ ತನ್ನ ಕೈದುಡ್ಡಿನಿಂದಲೇ ಕೊಳ್ಳುತ್ತಿದ್ದಳು. ಆಸ್ಪತ್ರೆಯ ಲೆಕ್ಕದಲ್ಲಿ ಕಡಲಿಗೆ ಅಂತ ಯಾವ ತಲೆಬರಹವೂ ಇರಲಿಲ್ಲ.

ಇನ್ನು ಚಹಾ. ಅದರ ವಿಷಯ ಹೇಳದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ಬಟ್ಟಲಿನ ತಳಕ್ಕೆ ಕಲ್ಲುಸಕ್ಕರೆ, ಅದರ ಮೇಲೆ ಕುದಿಯುವ ಕಪ್ಪು ಚಹಾ, ಸಕ್ಕರೆ ಚಟಪಟ ಅನ್ನಬೇಕು. ಆಮೇಲೆ ಅಂಚಿನಿಂದ ಮೆಲ್ಲಗೆ ಕೆನೆ. ಕಲಕಬಾರದು. ಮೂರು ಬಟ್ಟಲು ಕುಡಿಯದೆ ಏಳಬಾರದು. ಮೂರಾದ ಮೇಲೆ ಚಮಚವನ್ನು ಬಟ್ಟಲೊಳಗೆ ಇಟ್ಟರೆ ಸಾಕು ಅಂತ ಅರ್ಥ, ಇಡದಿದ್ದರೆ ಸುರಿಯುತ್ತಲೇ ಇರುತ್ತಾರೆ. ಬುಧವಾರ ಎರಡು ಪಾಠ ಮುಗಿದ ಮೇಲೆ ನಲವತ್ತು ನಿಮಿಷ ಇದಕ್ಕೇ ಮೀಸಲು, ಮೂರನೆಯ ಪಾಠ ಆಮೇಲೆ. ಮೊದಲ ಬಟ್ಟಲಿಗೆ ವೈದ್ಯರು ಗಾಳಿಮಳೆಯ ಮಾತಾಡುತ್ತಿದ್ದರು. ಎರಡನೆಯದಕ್ಕೆ ರೋಗಿಗಳ ಮಾತು. ಮೂರನೆಯ ಬಟ್ಟಲಿಗೆ ತಾವು ಮಾಡಿದ ತಪ್ಪುಗಳು ಹೊರಬೀಳುತ್ತಿದ್ದವು.

ಕಿವಿ ಮೂಗು ಗಂಟಲಿನ ಡಾಕ್ಟರು ಊಬೋ ಪೊಪ್ಪಿಂಗಾ ಒಂದು ಸಲ ಮೂರನೆಯ ಬಟ್ಟಲಿಗೆ ಹೇಳಿದ್ದರು: ಮುದುಕನೊಬ್ಬನ ದನಿ ಒಡೆದದ್ದನ್ನು ನೆಗಡಿ ಅಂತ ಎರಡು ತಿಂಗಳು ತಳ್ಳಿಹಾಕಿದೆ, ಗಂಟಲಲ್ಲಿ ಗಡ್ಡೆ ಬೆಳೆಯುತ್ತಿತ್ತು. ಮರುವಾರ ಮೂರು ಜನ ವೈದ್ಯರು ತಮ್ಮ ದನಿಯೊಡೆದ ರೋಗಿಗಳನ್ನು ಮತ್ತೆ ಕರೆಸಿ ನೋಡಿದರು, ಒಬ್ಬಳ ಗಡ್ಡೆ ಸಕಾಲಕ್ಕೆ ಸಿಕ್ಕಿತು. ಅವಳು ಇವತ್ತಿಗೂ ಶನಿವಾರದ ಸಂತೆಯಲ್ಲಿ ಮೀನು ಮಾರುತ್ತಾಳೆ. ಆ ಮೂರನೆಯ ಬಟ್ಟಲಿಗೆ ಯಾವ ಮಂಡಳಿಯೂ ಅಂಕ ಕೊಡಲಿಲ್ಲ. ಓಕ್ಕಾ ಕೇಳಲೂ ಇಲ್ಲ.

ಹೀಗಿರುವಾಗ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದ. ಫಾಲೆಂಟಿನ್ ರೋಸ್ನರ್, ಮೂವತ್ತಾರು ವರ್ಷ, ದಕ್ಷಿಣದ ಗುಡ್ಡಗಾಡಿನವನು. ಬಡಪಾಯಿ ಕೆಟ್ಟವನಲ್ಲ. ಆಸ್ಪತ್ರೆ ನಷ್ಟದಲ್ಲಿತ್ತು, ಕತ್ತರಿಸು ಅಂತ ಮೇಲಿನವರು ಕತ್ತರಿ ಕೊಟ್ಟು ಕಳಿಸಿದ್ದರು. ಜನವರಿಯಲ್ಲಿ ಓಕ್ಕಾಳನ್ನು ಕರೆಸಿ ಅವಳ ಪೆನ್ಸಿಲ್ ಬಜೆಟ್ಟನ್ನು ಮುಂದಿಟ್ಟುಕೊಂಡ.

"ಸಾಟ್‌ಹೋಫ್ ಅವ್ರೇ, ಚಹಾಕ್ಕೆ ತೊಂಬತ್ತಾರು ಯೂರೋ. ಪ್ರತಿ ಸಲಾನೂ?"

"ಹೌದು."

"ನಲವತ್ತು ಜನಕ್ಕೆ?"

"ನೂರಿಪ್ಪತ್ತು ಬಟ್ಟಲಿಗೆ."

ಅವನು ಕೂಡಿಸಿ ಕಳೆದು ನೋಡಿದ. "ದುಡ್ಡಿಗಿಂತ ಹೊತ್ತಿನ ಚಿಂತೆ ನನಗೆ. ನಲವತ್ತು ನಿಮಿಷ ಸುಮ್ಮನೆ ಹೋಗ್ತಿದೆ. ಕಾಫಿ ಯಂತ್ರ ಬಾಡಿಗೆಗೆ ತರೋಣ, ಹತ್ತು ನಿಮಿಷ ಬಿಡುವು ಕೊಡೋಣ. ಉಳಿದ ಅರ್ಧ ಗಂಟೆಗೆ ಕಾಲು ಗಂಟೆ ಸೇರಿಸಿದ್ರೆ ಇನ್ನೊಂದು ಪಾಠ. ಮೂರಂಕದ ಜಾಗದಲ್ಲಿ ನಾಲ್ಕಂಕ. ಡಾಕ್ಟ್ರುಗಳಿಗೂ ಖುಷಿ ತಾನೇ?"

ಓಕ್ಕಾಳ ಎದುರಿಗೇ ಅವನು ಕೆಂಪು ಪೆನ್ನಿನಿಂದ ಚಹಾದ ಸಾಲನ್ನು ಹೊಡೆದು ಹಾಕಿದ. ಪೆನ್ಸಿಲ್ಲಿನ ಮೇಲೆ ಪೆನ್ನು, ಅದೂ ಸ್ಕೇಲಿಲ್ಲದೆ.

"ಇನ್ನೊಂದು," ಅಂದ. "ಈ ತಾರೀಖುಗಳು ಯಾಕೆ ಹೀಗೆ ಚೆಲ್ಲಾಪಿಲ್ಲಿ? ಒಂದ್ಸಲ ಎರಡನೇ ಬುಧವಾರ, ಒಂದ್ಸಲ ನಾಲ್ಕನೇದು. ಜನವರಿ, ಫೆಬ್ರವರಿಯ ಕರಪತ್ರ ಹೇಗೂ ಹಂಚಿ ಆಗಿದೆ, ಇರಲಿ. ಮಾರ್ಚ್ ಖಾಲಿ ಬಿಡೋಣ. ಏಪ್ರಿಲ್‌ನಲ್ಲಿ ಈಸ್ಟರ್ ರಜೆ. ಮೇ ತಿಂಗಳಿಂದ ಪ್ರತಿ ತಿಂಗಳ ಮೊದಲ ಬುಧವಾರ, ಮೂರು ಗಂಟೆ. ಯಾರಿಗೂ ಮರೆಯೋದಿಲ್ಲ. ಏನಂತೀರಿ?"

ಇಲ್ಲಿ ಅವಳು ಬಾಯಿ ಬಿಡಬೇಕಿತ್ತು. ಒಂದೇ ಒಂದು ಮಾತು, 'ಕಡಲು' ಅಂದಿದ್ದರೆ ಸಾಕಿತ್ತು. ಅವಳು ಮನೆಗೆ ಹೋಗಿ ನೀಲಿ ಪುಸ್ತಕ ತೆರೆದು ನೋಡಿದಳು. ಮೇ ಮೊದಲ ಬುಧವಾರ: ಬೆಳಿಗ್ಗೆ ಆರೂವರೆಗೆ ಉಬ್ಬರ, ಮಧ್ಯಾಹ್ನ ಒಂದಕ್ಕೆ ಇಳಿತ, ಸಂಜೆ ಏಳಕ್ಕೆ ಮತ್ತೆ ಉಬ್ಬರ. ಅಂದರೆ ದೋಣಿ ಬೆಳಗಿನ ಆರೂವರೆಗೆ ಒಂದು, ಬಿಟ್ಟರೆ ಸಂಜೆ. ಬೆಳಗಿನ ದೋಣಿ ಹಿಡಿದರೆ ಇಡೀ ದಿನ ದ್ವೀಪದ ರೋಗಿಗಳನ್ನು ಬಿಟ್ಟು ಬರಬೇಕು, ಅದು ತೇಡಾಳಿಂದ ಆಗದ ಮಾತು. ದ್ವೀಪದವರು ಬರುವುದಿಲ್ಲ. 'ಬರದೆ ಇರಲಿ,' ಅಂದುಕೊಂಡಳು ಓಕ್ಕಾ. 'ಐದು ಕುರ್ಚಿ ಖಾಲಿ ಬಿದ್ದಿರೋದನ್ನ ನೋಡ್ಲಿ. ಆಗ ಕೇಳ್ತಾನೆ. ಕೇಳಿದ್ರೆ ಹೇಳ್ತೀನಿ.' ಪುಸ್ತಕವನ್ನು ಮೊಳೆಗೆ ನೇತುಹಾಕಿ ಮೂರು ಬಟ್ಟಲು ಚಹಾ ಕುಡಿದು ಮಲಗಿದಳು. ಆ ದಿನ ಅವಳಿಗೆ ಬಲು ಚೆನ್ನಾಗಿ ನಿದ್ದೆ ಬಂತು, ಅದೇ ನೋಡಿ ಬೇಜಾರಿನ ವಿಷಯ.

ಕರಪತ್ರ ಅಚ್ಚಾಯಿತು. ಹಾಂಬುರ್ಗ್‌ನ ಹೃದಯ ತಜ್ಞ ಪ್ರೊಫೆಸರ್‌ಗೆ ರೈಲಿನ ಟಿಕೆಟ್ಟು ತೆಗೆದದ್ದಾಯಿತು. ಅದಾದ ಮೂರನೆಯ ದಿನ ರೋಸ್ನರ್‌ನಿಂದ ಒಂದು ಕಾಗದ ಬಂತು. ಸಭ್ಯವಾದ ಕಾಗದ. ಮೇ ತಿಂಗಳ ಪಾಠಕ್ಕೆ ನಲವತ್ತು ಜನವಾದರೂ ಬರದಿದ್ದರೆ ಗ್ರೋಟಸೀಲ್‌ನ ಬುಧವಾರಗಳನ್ನು ನಿಲ್ಲಿಸುವುದು, ವೈದ್ಯರು ಅವರವರ ಮನೆಯಲ್ಲೇ ಪರದೆಯ ಮೇಲೆ ಪಾಠ ಕೇಳಲಿ, ಶ್ರೀಮತಿ ಸಾಟ್‌ಹೋಫ್ ಅವರನ್ನು ಬಿಲ್ಲಿನ ವಿಭಾಗಕ್ಕೆ ವರ್ಗ ಮಾಡುವುದು.

ಓಕ್ಕಾ ಕಾಗದವನ್ನು ಎರಡು ಸಲ ಓದಿದಳು. ಬಿಲ್ಲಿನ ವಿಭಾಗದ ಹೆದರಿಕೆ ಅವಳಿಗಿರಲಿಲ್ಲ, ನಿವೃತ್ತಿಗೆ ಇನ್ನು ಎಷ್ಟು ದಿನ. ಅವಳ ಕಣ್ಣ ಮುಂದೆ ಬಂದದ್ದು ಒಬ್ಬೊಬ್ಬರೇ ಒಂದೊಂದು ಪರದೆ ನೋಡುತ್ತ ಕೂತ ವೈದ್ಯರು. ಪರದೆಗೆ ಯಾರೂ ಮೂರನೆಯ ಬಟ್ಟಲಿನ ಮಾತು ಹೇಳುವುದಿಲ್ಲ. ದ್ವೀಪದ ಮೇಲೆ ಒಬ್ಬಳೇ ಇರುವ ತೇಡಾಗೆ ಕೇಳುವವರು ಯಾರು? ಬೆರಳು ಮಡಿಸಿ ಎಣಿಸಿದಳು. ದಂಡೆಯ ಕಡೆ ತಪ್ಪದೆ ಬರುವವರು ಮೂವತ್ತೈದು. ದ್ವೀಪದ ಐದು ಜನ ಸೇರಿದರೆ ನಲವತ್ತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು. ಈಗ ಹೋಗಿ ತಾರೀಖು ತಪ್ಪು ಅಂದರೆ 'ಮೊದಲೇ ಯಾಕೆ ಹೇಳಲಿಲ್ಲ' ಅಂತ ಅವನು ಕೇಳುವುದು ಖಂಡಿತ.

ಒಂದು ವಾರ ಮುಖ ಸಿಂಡರಿಸಿಕೊಂಡು ಓಡಾಡಿ ಕೊನೆಗೆ ತೇಡಾ ಹಾರ್ಬರ್ಟ್ಸ್‌ಗೆ ಫೋನು ಮಾಡಿದಳು.

"ಮೊಯಿನ್, ಡಾಕ್ಟ್ರೇ. ಮೇ ತಿಂಗಳ ಬುಧವಾರ ದೋಣಿ ಇರೋಲ್ಲ."

"ನೋಡಿದೆ. ಕರಪತ್ರ ನೋಡಿ ಇದು ಓಕ್ಕಾ ಇಟ್ಟ ದಿನ ಅಲ್ಲ ಅಂದ್ಕೊಂಡೆ."

"ನಾನಿಟ್ಟಿದ್ದಲ್ಲ," ಅಂದಳು ಓಕ್ಕಾ. "ನಲವತ್ತು ಜನ ಆಗ್ದಿದ್ರೆ ಬುಧವಾರ ನಿಲ್ಲಿಸ್ತಾರಂತೆ."

ಬನ್ನಿ ಅಂತ ಅವಳು ಕೇಳಲಿಲ್ಲ. ಕೇಳುವುದು ಆ ಕಡೆಯವರ ರೂಢಿಯಲ್ಲ. ತೇಡಾ ಕೂಡ ಬರುತ್ತೇನೆ ಅನ್ನಲಿಲ್ಲ. "ನೋಡೋಣ" ಅಂದು ಫೋನಿಟ್ಟಳು.

ಮೇ ಮೊದಲ ಬುಧವಾರ ಬಂತು. ಎರಡೂವರೆಗೆಲ್ಲ ಓಕ್ಕಾ ಬಾಗಿಲಲ್ಲಿ ನಿಂತಳು. ಪೊಪ್ಪಿಂಗಾ ಡಾಕ್ಟರು ಎಲ್ಲರಿಗಿಂತ ಮೊದಲು ಬಂದರು, ಎಂದೂ ಇಲ್ಲದ ಉಲ್ಲಾಸ. ಹಾಳೆಯ ಹತ್ತಿರ ಬಹಳ ಹೊತ್ತು ಬಾಗಿ ನಿಂತು ಏನೋ ಗುನುಗುತ್ತ ಒಳಗೆ ಹೋದರು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ರೋಸ್ನರ್ ಎಲ್ಲರ ಹಿಂದೆ ಬಂದು ಕೊನೆಯ ಸಾಲಿನಲ್ಲಿ ಕೂತ. ಮೂರು ಹೊಡೆಯಿತು. ಓಕ್ಕಾ ಹಾಳೆಯ ಚೀಟಿಗಳನ್ನು ಎಣಿಸಿದಳು. ನಲವತ್ತು.

ಮತ್ತೆ ಎಣಿಸಿದಳು, ನಲವತ್ತೇ. ತಲೆಯೆತ್ತಿ ಕೂತಿದ್ದ ವೈದ್ಯರ ತಲೆಗಳನ್ನು ಎಣಿಸಿದಳು. ಮೂವತ್ತೈದು.

ಅಲ್ಲೇ ಬಿಟ್ಟುಬಿಡಬಹುದಿತ್ತು. ಹಾಳೆ ಮಡಿಸಿ ಲಕೋಟೆಗೆ ಹಾಕಿದ್ದರೆ ಬುಧವಾರ ಉಳಿಯುತ್ತಿತ್ತು, ಅವಳ ಎಡವಟ್ಟೂ ಮುಚ್ಚಿಹೋಗುತ್ತಿತ್ತು. ಅವಳ ಕೈ ಲಕೋಟೆಯವರೆಗೆ ಹೋದದ್ದೂ ನಿಜ, ಅದನ್ನು ಯಾಕೆ ಮುಚ್ಚಿಡಬೇಕು. ಆಮೇಲೆ ಅವಳು ಹಾಳೆಯನ್ನು ಹಿಡಿದುಕೊಂಡು ಸೀದಾ ಮೂರನೆಯ ಸಾಲಿಗೆ ಹೋಗಿ ಪೊಪ್ಪಿಂಗಾರ ಪಕ್ಕ ಬಗ್ಗಿದಳು.

"ಡಾಕ್ಟ್ರೇ, ಈ ಐದು ಯಾರದ್ದು?"

"ಎಲ್ಲಿ? ಕನ್ನಡಕ ಮರ್ತು ಬಂದಿದೀನಿ."

"ಮೂಗಿನ ಮೇಲಿದೆ."

ಪೊಪ್ಪಿಂಗಾ ಪಿಸುಗುಟ್ಟಿದರು. "ನಿಮ್ಮ ಒಳ್ಳೇದಕ್ಕೇ ಕಣ್ರೀ. ನಮ್ಮ ದಂಡೆ ಕಡೆ ಬರೋಕಾಗದೋರು ತಾವಾಗೇ ಕೊಟ್ಟು ಕಳಿಸಿದ್ದು. ನಲವತ್ತಾಗ್ಬೇಕು ಅಂತ ತೇಡಾ ಹೇಳಿದ್ರು, ಸುಮ್ನಿರಿ."

"ಇಪ್ಪತ್ತೇಳು ವರ್ಷ ಇದನ್ನೇ ಬೇಡ ಅಂತ ಬಾಗಿಲು ಕಾದಿದೀನಿ."

ಉಗುರಿನಿಂದ ಒಂದೊಂದನ್ನೇ ಬಿಡಿಸಿ, ಎಸೆಯಲು ಬುಟ್ಟಿ ಕಾಣದೆ ಅವರ ಕೋಟಿನ ತೋಳಿಗೇ ಸಾಲಾಗಿ ಅಂಟಿಸಿ ಬಂದಳು. ಆ ದೊಡ್ಡ ಮನುಷ್ಯರು ಹೃದಯದ ಮೇಲಿನ ಎರಡು ಪಾಠವನ್ನೂ ತೋಳಿನ ಮೇಲೆ ಐದು ಜನ ವೈದ್ಯರನ್ನು ಅಂಟಿಸಿಕೊಂಡೇ ಕೇಳಿದರು.

ನಾಲ್ಕೂವರೆಗೆ ಹತ್ತು ನಿಮಿಷದ ಬಿಡುವು. ರೋಸ್ನರ್ ಬಾಡಿಗೆಗೆ ತರಿಸಿದ್ದ ಕಾಫಿ ಯಂತ್ರ ಮೂಲೆಯಲ್ಲಿ ಮಿರಿಮಿರಿ ಮಿನುಗುತ್ತಿತ್ತು. ಒಂದು ಲೋಟಕ್ಕೆ ಎಷ್ಟು ಖರ್ಚು ಅಂತ ಅವನು ಲೆಕ್ಕ ಹಾಕಿದ್ದ, ಎಷ್ಟು ಹೊತ್ತು ಅಂತ ಹಾಕಿರಲಿಲ್ಲ. ಲೋಟಕ್ಕೆ ಒಂದು ನಿಮಿಷ. ಪಾಠ ಹೇಳಿದವರೂ ಸೇರಿ ಮೂವತ್ತಾರು ಜನ ಸಾಲಾಗಿ ನಿಂತರು. ಹತ್ತು ನಿಮಿಷವಾದಾಗ ಒಂಬತ್ತು ಜನರ ಕೈಯಲ್ಲಿ ಕಾಫಿಯಿತ್ತು, ಹತ್ತನೆಯದಕ್ಕೆ ಯಂತ್ರ ತನ್ನನ್ನು ತಾನೇ ತೊಳೆದುಕೊಳ್ಳಲು ಶುರು ಮಾಡಿತು. ಹಾಂಬುರ್ಗ್‌ನ ಪ್ರೊಫೆಸರು ಹದಿನೇಳನೆಯವರಾಗಿ ನಿಂತಿದ್ದರು. ಯಾರೂ ಗೊಣಗಲಿಲ್ಲ, ಆ ಊರಿನ ಜನ ಗೊಣಗುವುದಿಲ್ಲ. ಸುಮ್ಮನೆ ತಿರುಗಿ ರೋಸ್ನರ್‌ನನ್ನು ನೋಡಿದರು, ಅಷ್ಟೇ. ಅದು ಇನ್ನೂ ಕಷ್ಟ.

ಆಗ ಬಾಗಿಲು ತೆರೆಯಿತು.

"ಮೊಯಿನ್" ಅಂದಳು ತೇಡಾ ಹಾರ್ಬರ್ಟ್ಸ್. ಅವಳ ಹಿಂದೆ ಮಕ್ಕಳ ಆರೈಕೆ ಮನೆಯ ಮೂವರು ವೈದ್ಯರು. ನಾಲ್ವರಿಗೂ ಮೊಣಕಾಲಿನ ತನಕ ಬೂದುಬಣ್ಣದ ಕೆಸರು, ಕೈಯಲ್ಲಿ ಬೂಟು, ಮೈಯಿಂದ ಕುರಿಯ ವಾಸನೆ. ಬೆಳಗಿನ ರೋಗಿಗಳನ್ನು ನೋಡಿ ಮುಗಿಸಿ, ಕೆಸರಿನ ದಾರಿ ಬಲ್ಲವನೊಬ್ಬನನ್ನು ಮುಂದಿಟ್ಟುಕೊಂಡು ಕಡಲು ಇಲ್ಲದ ಕಡಲನ್ನು ನಡೆದು ದಾಟಿದ್ದರು. ದಂಡೆ ಮುಟ್ಟಿದಾಗ ಬಸ್ಸು ಹೋಗಿತ್ತು, ಕುರಿ ಸಾಗಿಸುವ ಟ್ರ್ಯಾಕ್ಟರಿನ ಹಿಂದೆ ನಿಂತು ಬಂದಿದ್ದರು. ಐದನೆಯವರು ಯಾಕೆ ಬರಲಿಲ್ಲ ಅಂದರೆ, ದ್ವೀಪದಲ್ಲಿ ಒಬ್ಬ ವೈದ್ಯರಾದರೂ ಇರಬೇಕಲ್ಲ.

ಓಕ್ಕಾ ಮನಸ್ಸಿನಲ್ಲೇ ಕೂಡಿಸಿದಳು. ಮೂವತ್ತೊಂಬತ್ತು. ಒಂದು ಕಮ್ಮಿ. ಆದರೆ ಆ ಹೊತ್ತಿಗೆ ಅವಳ ಕಣ್ಣು ಸಂಖ್ಯೆಯ ಮೇಲಿರಲಿಲ್ಲ, ಚಳಿಗೆ ನೀಲಿಯಾದ ತೇಡಾಳ ಬೆರಳುಗಳ ಮೇಲಿತ್ತು. ಅವಳು ರೋಸ್ನರ್ ಹತ್ತಿರ ಹೋದಳು.

"ನಿಮ್ಮ ಯಂತ್ರದ ಸಾಲಿನಲ್ಲಿ ಇನ್ನೂ ಇಪ್ಪತ್ತೇಳು ಜನ ಇದಾರೆ. ಇವ್ರಿಗೆ ಚಳಿ ಆಗಿದೆ. ಚಹಾ ಮಾಡ್ತೀನಿ. ಎಲೆ ನನ್ನ ಮನೇದು."

"ಮಾಡಿ," ಅಂದ ರೋಸ್ನರ್ ಸಣ್ಣ ದನಿಯಲ್ಲಿ. "ದಯವಿಟ್ಟು ಮಾಡಿ."

ಜನವರಿಯಿಂದ ಬೀಗ ಬಿದ್ದಿದ್ದ ಕಪಾಟು ತೆರೆಯಿತು. ಬಟ್ಟಲು, ಕಲ್ಲುಸಕ್ಕರೆ, ಎರಡು ದೊಡ್ಡ ಚಹಾಪಾತ್ರೆ. ಕೆನೆಯನ್ನು ಆಸ್ಪತ್ರೆಯ ಅಡುಗೆಮನೆಯಿಂದ ಹೇಳದೆ ಕೇಳದೆ ಹೊತ್ತು ತಂದದ್ದು ಪೊಪ್ಪಿಂಗಾ ಡಾಕ್ಟರು. ಕಾಫಿ ಸಿಕ್ಕ ಒಂಬತ್ತು ಜನ ಕೂಡ ಲೋಟವನ್ನು ಕಿಟಕಿಯ ಮೇಲಿಟ್ಟು ಬಂದು ಕೂತರು. ರೋಸ್ನರ್‌ಗೆ ತೇಡಾಳ ಪಕ್ಕದಲ್ಲಿ ಜಾಗ ಸಿಕ್ಕಿತು. ಅವನು ಬಟ್ಟಲಿಗೆ ಚಮಚ ಹಾಕಿ ಗರಗರ ಕಲಕಿದ. ಎಲ್ಲರೂ ಬೇರೆ ಕಡೆ ನೋಡಿದರು.

ಮೊದಲ ಬಟ್ಟಲಿಗೆ ಗಾಳಿಯ ಮಾತಾಯಿತು. ಎರಡನೆಯದಕ್ಕೆ ಕಾಲು ಊದಿಕೊಂಡ ಒಬ್ಬ ಮೀನುಗಾರನ ವಿಷಯ ಬಂತು, ಪ್ರೊಫೆಸರು ಎರಡು ಪಾಠದಲ್ಲಿ ಹೇಳದ್ದನ್ನು ಎರಡು ವಾಕ್ಯದಲ್ಲಿ ಹೇಳಿದರು. ಮೂರನೆಯ ಬಟ್ಟಲಿಗೆ ತೇಡಾ ಮಾತು ತೆಗೆದಳು.

"ನಮ್ಮ ದೀಪಸ್ತಂಭ ಕಾಯೋರಿಗೆ ನಾನು ಒಂದು ಮಾತ್ರೆ ಕೊಡ್ತಿದ್ದೆ. ದೊಡ್ಡಾಸ್ಪತ್ರೆಯಿಂದ ವಾಪಸ್ ಬಂದಾಗ ಅವ್ರ ಕೈಲಿ ಇನ್ನೊಂದು ಡಬ್ಬಿ ಇತ್ತು. ಡಬ್ಬಿ ಮೇಲಿನ ಹೆಸರು ಬೇರೆ, ಒಳಗಿನ ಮದ್ದು ಅದೇ. ನಾನು ಓದ್ಲಿಲ್ಲ, ಎರಡನ್ನೂ ನುಂಗಿ ಅಂತ ಬರೆದುಕೊಟ್ಟೆ. ಮೂರು ವಾರ ನುಂಗಿದ್ರು. ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದ ಮೇಲೆ ನನಗೆ ಗೊತ್ತಾಯ್ತು." ಬಟ್ಟಲನ್ನು ತಿರುಗಿಸುತ್ತ ಕೂತಳು. "ಈಗ ಹುಷಾರಾಗಿದಾರೆ. ನನಗೇ ಇನ್ನೂ ನಿದ್ದೆ ಸರಿ ಬರ್ತಿಲ್ಲ."

"ನಾನೂ ಮಾಡಿದೀನಿ," ಅಂದರು ಹಾಂಬುರ್ಗ್‌ನ ಪ್ರೊಫೆಸರು. "ನನ್ನ ರೋಗಿ ಉಳೀಲಿಲ್ಲ."

ಏಳೆಂಟು ಜನ ಪೆನ್ನು ತೆಗೆದು ಏನೋ ಬರೆದುಕೊಂಡರು. ಪಾಠದ ಹೊತ್ತಿನಲ್ಲಿ ಇವರಲ್ಲಿ ಒಬ್ಬರೂ ಪೆನ್ನು ಮುಟ್ಟಿರಲಿಲ್ಲ ಅನ್ನುವುದನ್ನು ಕೊನೆಯ ಸಾಲಿನಲ್ಲಿ ಕೂತಿದ್ದ ರೋಸ್ನರ್ ಬಲ್ಲ. ಅವನು ಸುಮ್ಮನಿರಲಾರದೆ ತೇಡಾಳನ್ನು ಕೇಳಿದ.

"ನೀವು ಯಾಕೆ ನಡ್ಕೊಂಡು ಬಂದ್ರಿ ಡಾಕ್ಟ್ರೇ? ದೋಣಿ ಕೆಟ್ಟಿತ್ತಾ?"

"ದೋಣಿ ಸರಿಯಾಗೇ ಇತ್ತು. ಕಡಲೇ ಇರ್ಲಿಲ್ಲ."

ಅವನು ಕಿಟಕಿಯಾಚೆ ನೋಡಿದ, ಅವಳ ಕಾಲಿನ ಕೆಸರು ನೋಡಿದ, ಮೇಜಿನ ಮೇಲಿದ್ದ ಕರಪತ್ರ ನೋಡಿದ. ನಿಧಾನವಾಗಿ ಅವನ ಕಿವಿ ಕೆಂಪಾಯಿತು.

"ಈ ದಿನ ಇಟ್ಟವನು ನಾನು," ಅಂದ. "ಗುಡ್ಡದ ಕಡೆಯವನು. ಕಡಲಿಗೂ ವೇಳಾಪಟ್ಟಿ ಇರುತ್ತೆ ಅಂತ ನನಗೆ ತೋಚಲೇ ಇಲ್ಲ. ಯಾರನ್ನೂ ಕೇಳ್ಲೂ ಇಲ್ಲ. ತಪ್ಪು ನಂದು."

ಓಕ್ಕಾ ಅವನ ಹಿಂದೆಯೇ ಚಹಾಪಾತ್ರೆ ಹಿಡಿದು ನಿಂತಿದ್ದಳು. ತಪ್ಪೆಲ್ಲ ಅವನ ತಲೆಗೇ ಹೋಯಿತು, ಇನ್ನೇನು ಬೇಕು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಎದುರಿಗೆ ತೇಡಾಳ ಕಾಲಿನ ಕೆಸರು ಒಣಗಿ ಬಿರಿಯುತ್ತಿತ್ತು, ಮತ್ತು ಅದು ಮೂರನೆಯ ಬಟ್ಟಲು. ಅವಳು ಪಾತ್ರೆಯನ್ನು ಕೆಳಗಿಟ್ಟಳು.

"ನನಗೆ ಗೊತ್ತಿತ್ತು," ಅಂದಳು.

ಎಲ್ಲರೂ ತಿರುಗಿದರು.

"ಜನವರಿಯಿಂದ್ಲೇ ಗೊತ್ತಿತ್ತು. ಮನೇಗೆ ಹೋಗಿ ಪುಸ್ತಕ ನೋಡಿದ್ದೆ. ನೀವು ಏನಂತೀರಿ ಅಂತ ಕೇಳಿದಾಗ ನಾನು ಹೇಳ್ಬಹುದಿತ್ತು, ಹೇಳ್ಲಿಲ್ಲ. ನನ್ನ ಚಹಾ ಹೊಡೆದು ಹಾಕಿದ್ರಿ ಅಂತ ಸಿಟ್ಟಿತ್ತು. ಬೀಳ್ಲಿ, ಬುದ್ಧಿ ಬರ್ಲಿ ಅಂದ್ಕೊಂಡೆ. ಬುದ್ಧಿ ಬರೋಕೆ ಈ ನಾಲ್ಕು ಜನ ಕಡಲ ಕೆಸರು ತುಳೀಬೇಕಾಯ್ತು. ಅವ್ರಿಗೇನಾದ್ರೂ ಆಗಿದ್ರೆ ಅದು ನನ್ನ ತಲೆ ಮೇಲೆ." ಉಸಿರು ತೆಗೆದುಕೊಂಡಳು. "ಅಷ್ಟೇ."

ಅವಳು ಅಷ್ಟುದ್ದ ಮಾತಾಡಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಪೊಪ್ಪಿಂಗಾ ಡಾಕ್ಟರು ತೋಳಿನ ಚೀಟಿಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡರು. ಬಹುಶಃ ಅದೇ ಅವರ ತಪ್ಪೊಪ್ಪಿಗೆ. ಓಕ್ಕಾ ಏನು ಮಾಡಬೇಕೆಂದು ತೋಚದೆ ರೋಸ್ನರ್‌ನ ಬಟ್ಟಲಿಗೆ ಮತ್ತೆ ಚಹಾ ಸುರಿದಳು. ಅವನದು ಅದು ಆರನೆಯ ಬಟ್ಟಲು. ತೇಡಾ ಅವನ ಚಮಚವನ್ನೆತ್ತಿ ಬಟ್ಟಲೊಳಗೆ ಇಟ್ಟಳು.

"ಸಾಕು ಅನ್ನೋದನ್ನ ಹೀಗೆ ಹೇಳ್ಬೇಕು."

"ನಾನು ಬಂದಾಗಿಂದ ಎಲ್ಲರ ಮನೇಲೂ ಹೊಟ್ಟೆ ಒಡೆಯೋ ಹಾಗೆ ಕುಡೀತಾ ಇದೀನಿ," ಅಂದ ರೋಸ್ನರ್. "ಯಾರೂ ಹೇಳ್ಲೇ ಇಲ್ಲವಲ್ರೀ."

"ನೀವು ಕೇಳ್ಲಿಲ್ಲ," ಅಂದಳು ಓಕ್ಕಾ. ಆಮೇಲೆ ತಾನೇ ನಕ್ಕಳು. ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು.

ಮೂರನೆಯ ಪಾಠ ಮುಗಿದಾಗ ನಾಲ್ಕನೆಯದಕ್ಕೆ ಹೊತ್ತೇ ಉಳಿಯಲಿಲ್ಲ, ಸಂಜೆಯ ದೋಣಿ ಕಾಯುತ್ತಿತ್ತು. ಓಕ್ಕಾ ಎಲ್ಲರಿಗೂ ಮೂರಂಕ ಬರೆದಳು. ಕೆಸರು ದಾಟಿ ಬಂದ ನಾಲ್ವರು ಕೇಳಿದ್ದು ಒಂದೇ ಪಾಠ, ಅವರಿಗೆ ಒಂದೇ ಅಂಕ. ಹತ್ತು ಕಿಲೋಮೀಟರಿಗೆ ಒಂದು ಅಂಕ ಸೇರಿಸಿ ಅಂತ ಪೊಪ್ಪಿಂಗಾ ಗದ್ದಲ ಮಾಡಿದರೂ ಅವಳು ಕೇಳಲಿಲ್ಲ. ಹಾಳೆಯ ಕೆಳಗೆ ಬಂದವರ ಸಂಖ್ಯೆ ಬರೆದಳು: ಮೂವತ್ತೊಂಬತ್ತು. ಅದನ್ನು ತಾನೇ ರೋಸ್ನರ್ ಕೈಗೆ ಕೊಟ್ಟಳು.

"ಮೂವತ್ತೊಂಬತ್ತು," ಅಂತ ಓದಿದ ಅವನು.

"ಹೌದು."

"ಪಾಠ ಶುರುವಾದಾಗ ನಾನೂ ಹಿಂದಿನಿಂದ ತಲೆ ಎಣಿಸಿದ್ದೆ. ಬಾಗಿಲಲ್ಲಿ ಬಂದಾಗ ಹಾಳೇಲಿ ಎಷ್ಟು ಚೀಟಿ ಇದೆ ಅಂತಾನೂ ನೋಡಿದ್ದೆ. ನೀವೇನು ಮಾಡ್ತೀರಿ ಅಂತ ಕಾಯ್ತಾ ಕೂತಿದ್ದೆ." ಇನ್ನೇನೋ ಹೇಳುವವನಿದ್ದ, ಹೇಳಲಿಲ್ಲ. ಹಾಳೆ ಮಡಿಸಿಕೊಂಡು ಹೊರಟುಹೋದ. ಆ ಊರಿನ ಗಾಳಿ ಅವನಿಗೂ ತಟ್ಟಿತ್ತೋ ಏನೋ.

ಜೂನ್ ಹೋಯಿತು, ಬೇಸಿಗೆ ರಜೆಗೆ ಬುಧವಾರಗಳು ನಿಂತವು. ರೋಸ್ನರ್ ಎದುರು ಸಿಕ್ಕರೆ 'ಮೊಯಿನ್' ಅನ್ನುತ್ತಿದ್ದ, ವರ್ಗದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಓಕ್ಕಾ ಮೇಜಿನ ಖಾನೆಗಳನ್ನು ಮೆಲ್ಲಗೆ ಖಾಲಿ ಮಾಡತೊಡಗಿದಳು. ಬಿಲ್ಲಿನ ವಿಭಾಗದ ಕಿಟಕಿ ವಾಹನ ನಿಲ್ಲಿಸುವ ಜಾಗಕ್ಕೆ ಮುಖ ಮಾಡಿದೆ ಅಂತ ವಿಚಾರಿಸಿಯೂ ಇಟ್ಟುಕೊಂಡಳು. ಆದರೂ ಅಕ್ಟೋಬರ್ ಬಂದಾಗ ಕೈ ಕೇಳಲಿಲ್ಲ. ಸ್ಕೇಲಿಟ್ಟು ಗೆರೆ ಎಳೆದು ಮುಂದಿನ ವರ್ಷದ ಬಜೆಟ್ಟು ಬರೆದು ಕಳಿಸಿದಳು. ಚಹಾದ ಸಾಲು ಬರೆಯುವ ಜಾಗವನ್ನು ಖಾಲಿ ಬಿಟ್ಟಳು.

ವಾರದ ನಂತರ ಅದು ಮರಳಿ ಬಂತು. ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ಚಹಾ, ನೂರಿಪ್ಪತ್ತು ಬಟ್ಟಲು, ತೊಂಬತ್ತಾರು ಯೂರೋ. ಅದರ ಕೆಳಗೆ ಸ್ಕೇಲಿಟ್ಟು ಎಳೆದ ಒಂದು ಹೊಸ ಗೆರೆ, ಹೊಸ ಸಾಲು: ಕಡಲ ಪಂಚಾಂಗ, ಎರಡು ಪ್ರತಿ. ಒಂದು ಶ್ರೀಮತಿ ಸಾಟ್‌ಹೋಫ್ ಅವರಿಗೆ, ಒಂದು ನನಗೆ.

ಓಕ್ಕಾ ಕನ್ನಡಕ ತೆಗೆದು ಒರೆಸಿಕೊಂಡಳು. ಕನ್ನಡಕ ಕೊಳೆಯಾಗಿರಲಿಲ್ಲ.

ಬಜೆಟ್ಟಿನ ಜೊತೆ ಇನ್ನೊಂದು ಹಾಳೆಯಿತ್ತು. ಮುಂದಿನ ವರ್ಷದ ಬುಧವಾರಗಳನ್ನು ಅವನೇ ಪುಸ್ತಕ ನೋಡಿ ಗುರುತು ಹಾಕಿದ್ದ, ಸರಿಯಾಗಿವೆಯೇ ನೋಡಿ ಅಂತ ಕೇಳಿದ್ದ. ಅವಳು ತನ್ನ ಪುಸ್ತಕ ತೆರೆದು ಒಂದೊಂದನ್ನೇ ತಾಳೆ ಹಾಕಿ ನೋಡಿದಳು. ಚಳಿಗಾಲದ್ದೆಲ್ಲ ಸರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನದೆಲ್ಲ ತಪ್ಪು. ಬೇಸಿಗೆಯಲ್ಲಿ ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಡುತ್ತಾರೆ. ಪುಸ್ತಕ ಮಾತ್ರ ವರ್ಷವಿಡೀ ಚಳಿಗಾಲದ ಗಂಟೆಯನ್ನೇ ಹಿಡಿದುಕೊಂಡು ಕೂತಿರುತ್ತದೆ. ಹೊಸಬರೆಲ್ಲ ಎಡವುವುದು ಅಲ್ಲೇ.

ಅವಳು ಪೆನ್ಸಿಲ್ ಕೆಳಗಿಟ್ಟಳು. ಬರೆದು ಕಳಿಸಿದರೆ ನಾಳೆ ಮುಟ್ಟುತ್ತದೆ ಅಂತ ಯೋಚಿಸಿದಳು. ಕುರ್ಚಿಯಿಂದ ಎದ್ದು ಮೆಟ್ಟಿಲು ಹತ್ತಿ ಹೋಗಿ ಅವನ ಬಾಗಿಲು ತಟ್ಟಿದಳು.

"ಬೇಸಿಗೆಯ ತಿಂಗಳಿಗೆಲ್ಲ ಒಂದೊಂದು ಗಂಟೆ ಸೇರಿಸ್ಬೇಕು," ಅಂದಳು, ಇನ್ನೂ ಹೊಸ್ತಿಲಲ್ಲೇ ನಿಂತು.

ರೋಸ್ನರ್ ಹಣೆ ಹಿಡಿದುಕೊಂಡ. "ಹಾಗಿದ್ರೆ ಮತ್ತೆ ಎಲ್ಲ ತಪ್ಪಾ? ಕರಪತ್ರ ಅಚ್ಚಿಗೆ ಹೋಗಿಬಿಡ್ತಾ?"

"ಇಲ್ಲ," ಅಂದಳು ಓಕ್ಕಾ, ಕುರ್ಚಿ ಎಳೆದುಕೊಂಡು ಕೂರುತ್ತ. "ಅದಕ್ಕೇ ಈಗಲೇ ಬಂದೆ."